ಕಡಲಿಗೆ ಚೆಲ್ಲಿದ ಎಣ್ಣೆ ಮತ್ತು ಕಂಪನಿಗಳ ಹೊಣೆ: ಕಾರವಾರದ ಒಂದು ಪ್ರಕರಣದ ಹಿನ್ನೆಲೆಯಲ್ಲಿ

ಹಳೆಯ ಮೈಸೂರು ಸಂಸ್ಥಾನಕ್ಕೆ ಕಡಲತೀರವಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಸಂಸ್ಥಾನಕ್ಕೆ ಭಟ್ಕಳದಲ್ಲಿ ಒಂದು ಬಂದರು ಬೇಕೆಂದು ಪ್ರಯತ್ನಿಸಿದ್ದುಂಟು, ಅದು ಕೈಗೂಡಲಿಲ್ಲ. ೧೯೫೬ರಲ್ಲಿ ಮುಂಬಯಿ ಪ್ರಾಂತ್ಯದಿಂದ ಕಾರವಾರವೂ ಮದರಾಸು ಪ್ರಾಂತ್ಯದಿಂದ ಮಂಗಳೂರೂ ಬಂದು ಸೇರಿದ ಮೇಲೆಯೇ ಮೈಸೂರು ರಾಜ್ಯಕ್ಕೆ ಸಮುದ್ರವೆಂಬುದು ದೊರೆಯಿತು. ಅಣೆಕಟ್ಟು, ನಾಲೆ, ಕೆರೆಗಳ ಆಡಳಿತದಲ್ಲಿ ನುರಿತ ಒಂದು ರಾಜ್ಯಕ್ಕೆ ಕಡಲಿನ ಕಾನೂನು ಹೊಸದಾಗಿತ್ತು. ಇಂದಿಗೂ ನಮ್ಮ ವಿದ್ವತ್ ವಲಯದಲ್ಲಿ ಕಾವೇರಿಯ ನೀರಿನ ಬಗ್ಗೆ ನಡೆದಿರುವ ಚರ್ಚೆಯ ಒಂದು ಸಣ್ಣ ಪಾಲೂ ಕಡಲಿನ ಬಗ್ಗೆ ನಡೆದಿಲ್ಲ. ಮೈಸೂರಿನಲ್ಲಿ ಕುಳಿತು ಕಾರವಾರದ ಎಣ್ಣೆಯ ವಿಚಾರ ಬರೆಯುವುದೇಕೆಂದು ಯಾರಾದರೂ ಕೇಳಿದರೆ, ಈ ನಗರದ ಒಲೆಗಳಿಗೆ ಬರುವ ಅಡುಗೆ ಅನಿಲದ ದಾರಿಯನ್ನು ನೆನಪಿಸಬಹುದು. ಮಂಗಳೂರಿನಿಂದ ಹಾಸನ, ಮೈಸೂರು ಮಾರ್ಗವಾಗಿ ಸೋಲೂರಿನವರೆಗೆ ಅನಿಲದ ಕೊಳವೆ ಹಾದುಹೋಗಿದೆ. ಮಂಗಳೂರಿನಿಂದ ಹಾಸನ, ಬೆಂಗಳೂರುಗಳಿಗೆ ಪೆಟ್ರೋಲ್ ಮತ್ತು ಡೀಸೆಲ್ ಸಾಗಿಸುವ ಇನ್ನೊಂದು ಕೊಳವೆ ಅದಕ್ಕಿಂತ ಹಳೆಯದು. ಒಳನಾಡಿನ ನಗರಗಳ ಅನುಕೂಲಕ್ಕೆ ಬೇಕಾದ ಎಣ್ಣೆಯೆಲ್ಲ ಹಡಗಿನಲ್ಲಿಯೇ ಬರುತ್ತದೆ. ಅದರ ಅಪಾಯ ಮಾತ್ರ ಕರಾವಳಿಯವರ ಪಾಲಿಗೆ ಉಳಿಯುತ್ತದೆ.

ಎಣ್ಣೆ ಸೋರಿಕೆಯ ಸಂದರ್ಭದಲ್ಲಿ ಕಂಪನಿಗಳ ಹೊಣೆಯನ್ನು ಕುರಿತು ಜಗತ್ತಿನಲ್ಲಿ ನಡೆದಿರುವ ರಾಜಕೀಯ ವಾಗ್ವಾದಗಳು ನಮ್ಮ ಕರಾವಳಿಯ ಮಟ್ಟಿಗೆ ಏನನ್ನು ಹೇಳುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ದೊಡ್ಡ ಸೋರಿಕೆಗಳ ಕಥೆಯನ್ನು ಎಲ್ಲರೂ ಬಲ್ಲರು. ಚಿಕ್ಕದೆಂದು ಮರೆತುಹೋದ ಒಂದು ಪ್ರಕರಣದಿಂದ ಆರಂಭಿಸುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ.

ದೇವಗಡದ ಬಂಡೆಗಳು

ಕಾಳಿ ನದಿಯು ಸಮುದ್ರ ಸೇರುವೆಡೆಯಲ್ಲಿ ಕಾರವಾರದ ಎದುರಿಗೆ ಕೆಲವು ನಡುಗಡ್ಡೆಗಳಿವೆ. ಅವುಗಳಲ್ಲಿ ಕೂರ್ಮಗಡ ಜಾತ್ರೆಯಿಂದ ಪ್ರಸಿದ್ಧವಾದದ್ದು. ದೇವಗಡದ ಮೇಲೆ ಬ್ರಿಟಿಷರ ಕಾಲದ ದೀಪಸ್ತಂಭವಿದೆ. ನಾವಿಕರ ನಕ್ಷೆಗಳಲ್ಲಿ ಅದರ ಹೆಸರು ಆಯ್ಸ್ಟರ್ ರಾಕ್. ೨೦೦೬ರ ಮೇ ೩೦ರಂದು, ಮುಂಗಾರು ಎದ್ದ ಕಡಲಿನಲ್ಲಿ, ಪನಾಮಾ ಧ್ವಜದ ಸರಕು ಹಡಗು ‘ಓಷನ್ ಸೆರಾಯಾ’ ಈ ಬಂಡೆಗಳಿಗೆ ಬಡಿದು ಸಿಕ್ಕಿಕೊಂಡಿತು. ಅದರ ತೊಟ್ಟಿಗಳಲ್ಲಿ ಸುಮಾರು ೬೫೦ ಟನ್ ಫರ್ನೇಸ್ ಎಣ್ಣೆಯೂ ೪೦ ಟನ್ನಿನಷ್ಟು ಡೀಸೆಲ್ ಕೂಡ ಇದ್ದವು. ಅಲೆಗಳ ಹೊಡೆತಕ್ಕೆ ಹಡಗು ಒಡೆಯಿತು. ಎಣ್ಣೆ ಕಾರವಾರದ ದಂಡೆಗೆ ಬಂದಿತು. ಗಾಳಿ ಮತ್ತು ಪ್ರವಾಹದ ಜೊತೆ ಉತ್ತರಕ್ಕೆ ಸರಿದು ದಕ್ಷಿಣ ಗೋವೆಯ ಪೋಳೆ, ಗಾಲ್ಜಿಬಾಗ್ ಮೊದಲಾದ ತೀರಗಳನ್ನೂ ಮುಟ್ಟಿತು. ಗಾಲ್ಜಿಬಾಗ್ ಕಡಲಾಮೆಗಳು ಮೊಟ್ಟೆಯಿಡುವ ತೀರಗಳಲ್ಲೊಂದು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಓಷನ್ ಸೆರಾಯಾ ಎಣ್ಣೆ ಸಾಗಿಸುವ ಟ್ಯಾಂಕರ್ ಆಗಿರಲಿಲ್ಲ. ಚೆಲ್ಲಿದ್ದು ಅದರ ಸರಕಲ್ಲ, ಅದು ತನ್ನ ಯಂತ್ರಕ್ಕೆಂದು ಹೊತ್ತಿದ್ದ ಇಂಧನ. ಹಡಗಿನ ವ್ಯವಹಾರದಲ್ಲಿ ಇದನ್ನು ಬಂಕರ್ ಎಣ್ಣೆ ಎನ್ನುತ್ತಾರೆ. ಕಚ್ಚಾ ತೈಲವನ್ನು ಶುದ್ಧೀಕರಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲುಗಳನ್ನು ತೆಗೆದ ಮೇಲೆ ಉಳಿಯುವ ಮಂದವಾದ ಶೇಷ ಇದರ ಮೂಲ. ಇದು ಸುಲಭವಾಗಿ ಆವಿಯಾಗುವುದಿಲ್ಲ. ಅಲೆಗಳ ಕಡೆತಕ್ಕೆ ನೀರನ್ನು ಹೀರಿಕೊಂಡು ಉಬ್ಬಿ, ಮೂಲದ ಗಾತ್ರಕ್ಕಿಂತ ಹಲವು ಪಟ್ಟು ಹೆಚ್ಚಾದ ಕಂದು ಬಣ್ಣದ ಲೋಳೆಯಾಗುತ್ತದೆ. ಶಾಂತ ಸಮುದ್ರದಲ್ಲಿಯಾದರೆ ತೇಲುವ ತಡೆಗಳನ್ನು ಹಾಕಿ ಅದನ್ನು ಬಳಿದು ತೆಗೆಯಬಹುದು. ಮುಂಗಾರಿನ ಕಡಲಿನಲ್ಲಿ ಅಲೆಗಳು ಆ ತಡೆಗಳ ಮೇಲಿನಿಂದಲೇ ಹಾದುಹೋಗುತ್ತವೆ. ಆದುದರಿಂದ ಜೂನ್ ತಿಂಗಳ ಹೊಸ್ತಿಲಲ್ಲಿ ಕಾರವಾರದ ಬಳಿ ಸೋರಿದ ಎಣ್ಣೆ ದಂಡೆಗೆ ಬರದಂತೆ ಮಾಡುವುದು ಹೆಚ್ಚುಕಡಿಮೆ ಅಸಾಧ್ಯ. ಸಲಿಕೆ, ಬುಟ್ಟಿ, ಚೀಲಗಳಲ್ಲಿ ಮರಳಿನ ಸಮೇತ ಎತ್ತುವುದೊಂದೇ ಉಳಿಯುವ ದಾರಿ.

ಟ್ಯಾಂಕರಿನ ಎಣ್ಣೆಗೂ ಬಂಕರ್ ಎಣ್ಣೆಗೂ ಏಡಿಗಾಗಲಿ ಮೀನಿಗಾಗಲಿ ವ್ಯತ್ಯಾಸವಿಲ್ಲ. ಕಾನೂನಿಗೆ ಮಾತ್ರ ಇದೆ. ಅದೂ ೨೦೦೬ರಲ್ಲಿ ಬಹಳವಾಗಿತ್ತು. ಈ ವ್ಯತ್ಯಾಸ ಹೇಗೆ ಹುಟ್ಟಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಡಗಿನ ಮಾಲೀಕ ಯಾರು?

೧೯೬೭ರ ಮಾರ್ಚ್ ೧೮ರಂದು ‘ಟೋರಿ ಕ್ಯಾನಿಯನ್’ ಎಂಬ ಟ್ಯಾಂಕರು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆಯ ಬಂಡೆಗಳಿಗೆ ಬಡಿಯಿತು. ಒಂದು ಲಕ್ಷ ಟನ್ನಿಗೂ ಮಿಕ್ಕ ಕಚ್ಚಾ ತೈಲ ಅದರಲ್ಲಿತ್ತು. ಹಡಗಿನ ಧ್ವಜ ಲೈಬೀರಿಯಾದ್ದು. ಹೆಸರಿಗೆ ಮಾಲೀಕ ಬರ್ಮುಡಾದ ಒಂದು ಕಂಪನಿ. ಅದರ ಹಿಂದೆ ಇದ್ದದ್ದು ಅಮೆರಿಕದ ಯೂನಿಯನ್ ಆಯಿಲ್. ಆ ಪ್ರಯಾಣಕ್ಕೆ ಬಾಡಿಗೆಗೆ ಹಿಡಿದದ್ದು ಬ್ರಿಟಿಷ್ ಪೆಟ್ರೋಲಿಯಂ. ಬ್ರಿಟಿಷ್ ಸರ್ಕಾರ ಕೊನೆಗೆ ವಿಮಾನಗಳಿಂದ ಬಾಂಬು ಹಾಕಿಸಿ ಎಣ್ಣೆಯನ್ನು ಸುಡಲು ಯತ್ನಿಸಿತು. ದಾವೆ ಹೂಡೋಣವೆಂದರೆ ನೋಟೀಸು ಕೊಡಲು ಕೈಗೆ ಸಿಕ್ಕುವ ಪ್ರತಿವಾದಿಯೇ ಇಲ್ಲ. ಅದೇ ಮಾಲೀಕತ್ವದ ಇನ್ನೊಂದು ಹಡಗು ಸಿಂಗಪುರಕ್ಕೆ ಬಂದಾಗ ಅದನ್ನು ಹಿಡಿದು ಅಲ್ಲಿ ನೋಟೀಸು ಜಾರಿ ಮಾಡಲಾಯಿತು. ಬ್ರಿಟನ್ ಮತ್ತು ಫ್ರಾನ್ಸ್ ಎರಡಕ್ಕೂ ಸೇರಿ ಮೂವತ್ತು ಲಕ್ಷ ಪೌಂಡುಗಳಿಗೆ ವ್ಯಾಜ್ಯ ರಾಜಿಯಾಯಿತು.

ಈ ಅನುಭವದಿಂದ ೧೯೬೯ರ ಅಂತಾರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು, ೧೯೯೨ರಲ್ಲಿ ಪರಿಷ್ಕಾರಗೊಂಡಿತು. ಇದರ ಪ್ರಕಾರ ಟ್ಯಾಂಕರಿನಿಂದ ಎಣ್ಣೆ ಚೆಲ್ಲಿದರೆ ತಪ್ಪು ಯಾರದೆಂದು ಸಾಧಿಸುವ ಅಗತ್ಯವಿಲ್ಲ. ನೋಂದಾಯಿತ ಮಾಲೀಕನೇ ಹೊಣೆ; ಅವನು ವಿಮೆ ಮಾಡಿಸಿರಲೇಬೇಕು. ಅವನ ಹಣ ಸಾಲದಿದ್ದರೆ ಎಣ್ಣೆ ಆಮದು ಮಾಡಿಕೊಳ್ಳುವ ಕಂಪನಿಗಳ ವಂತಿಗೆಯಿಂದಾದ ಒಂದು ನಿಧಿ ಉಳಿದದ್ದನ್ನು ತುಂಬುತ್ತದೆ. ಸಂತ್ರಸ್ತರಿಗೆ ಇದೊಂದು ದೊಡ್ಡ ಅನುಕೂಲ. ಆದರೆ ಈ ಅನುಕೂಲಕ್ಕೆ ಬದಲಾಗಿ ಅವರು ತೆತ್ತದ್ದೂ ಇದೆ. ಹೊಣೆಗೆ ಒಂದು ಮೇಲ್ಮಿತಿ ನಿಗದಿಯಾಯಿತು. ಹಡಗನ್ನು ಬಾಡಿಗೆಗೆ ಪಡೆದ ತೈಲ ಕಂಪನಿಯನ್ನಾಗಲಿ ನಿರ್ವಾಹಕರನ್ನಾಗಲಿ ಸಾಮಾನ್ಯವಾಗಿ ಈ ಒಪ್ಪಂದದಡಿ ಕಟಕಟೆಗೆ ಎಳೆಯುವಂತಿಲ್ಲವೆಂದೂ ಆಯಿತು. ಪರಿಸರಕ್ಕಾದ ಹಾನಿಗೆ, ಕಳೆದುಕೊಂಡ ಆದಾಯವನ್ನು ಬಿಟ್ಟರೆ, ಪುನಶ್ಚೇತನಕ್ಕೆ ವಾಸ್ತವವಾಗಿ ಕೈಗೊಂಡ ಸಮಂಜಸ ಕ್ರಮಗಳ ವೆಚ್ಚವಷ್ಟೇ ಸಲ್ಲುತ್ತದೆ. ಯಾರೂ ಮಾರದ, ಯಾರೂ ಕೊಳ್ಳದ ಜೀವಿಯೊಂದು ಸತ್ತರೆ ಅದಕ್ಕೆ ಈ ಲೆಕ್ಕದಲ್ಲಿ ಬೆಲೆಯಿಲ್ಲ.

ಈ ಏರ್ಪಾಡನ್ನು ಒಪ್ಪದೆ ಹೋರಾಡಿದವರು ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಕಡಲತೀರದ ಪುರಸಭೆಗಳು. ೧೯೭೮ರ ಮಾರ್ಚ್‌ನಲ್ಲಿ ‘ಅಮೊಕೊ ಕ್ಯಾಡಿಜ್’ ಅಲ್ಲಿ ಒಡೆದು ಎರಡು ಲಕ್ಷ ಟನ್ನಿಗೂ ಹೆಚ್ಚು ಎಣ್ಣೆ ಚೆಲ್ಲಿತು. ಫ್ರೆಂಚ್ ನ್ಯಾಯಾಲಯಕ್ಕೆ ಹೋದರೆ ಒಪ್ಪಂದದ ಮಿತಿಯೊಳಗೇ ತೃಪ್ತರಾಗಬೇಕಿತ್ತು. ಅವರು ಷಿಕಾಗೋಗೆ ಹೋದರು. ಲೈಬೀರಿಯಾದ ಧ್ವಜ, ಮಧ್ಯದ ಅಂಗ ಕಂಪನಿಗಳು ಎಲ್ಲವನ್ನೂ ಸರಿಸಿ, ಹಡಗನ್ನು ನಿಜವಾಗಿ ನಡೆಸುತ್ತಿದ್ದುದು ಇಂಡಿಯಾನಾದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯೆಂದು ೧೯೮೪ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಮಾನಿಸಿತು. ಮೇಲ್ಮನವಿ ಮುಗಿದದ್ದು ೧೯೯೨ರಲ್ಲಿ. ಹದಿನಾಲ್ಕು ವರ್ಷ ವಕೀಲರ ಖರ್ಚು ಹೊತ್ತು ವಿದೇಶದಲ್ಲಿ ವ್ಯಾಜ್ಯ ನಡೆಸಿದ್ದು ಸಣ್ಣ ಸಣ್ಣ ಊರುಗಳ ಆಡಳಿತಗಳು ಎಂಬುದನ್ನು ನಮ್ಮ ಗ್ರಾಮ ಪಂಚಾಯತಿಗಳ ಸ್ಥಿತಿಯ ಜೊತೆ ಇಟ್ಟು ನೋಡಿದರೆ ಅದರ ಅಗಾಧತೆ ಅರ್ಥವಾಗುತ್ತದೆ. ಮುಂದೆ ಅದೇ ತೀರದ ಆಚೆ ೧೯೯೯ರಲ್ಲಿ ‘ಎರಿಕಾ’ ಮುಳುಗಿದಾಗ, ಅದನ್ನು ಬಾಡಿಗೆಗೆ ಹಿಡಿದಿದ್ದ ಟೋಟಲ್ ಕಂಪನಿಯನ್ನು ಫ್ರೆಂಚ್ ನ್ಯಾಯಾಲಯಗಳೇ ಅಪರಾಧಿಯೆಂದು ಸಾರಿದವು. ೨೦೧೨ರಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದು, ಪರಿಸರಕ್ಕಾದ ನಷ್ಟವೇ ಒಂದು ಸ್ವತಂತ್ರ ನಷ್ಟವೆಂದು ಮಾನ್ಯಮಾಡಿತು.

ಬಂಕರ್ ಎಣ್ಣೆಯ ವಿಚಾರಕ್ಕೆ ಬರೋಣ. ಟ್ಯಾಂಕರಲ್ಲದ ಹಡಗುಗಳ ಇಂಧನ ಸೋರಿಕೆಯನ್ನು ಕುರಿತು ಪ್ರತ್ಯೇಕ ಒಪ್ಪಂದ ೨೦೦೧ರಲ್ಲಿ ಸಿದ್ಧವಾಯಿತು. ಸಾವಿರ ಟನ್ನಿಗೆ ಮೀರಿದ ಹಡಗುಗಳಿಗೆಲ್ಲ ವಿಮೆ ಕಡ್ಡಾಯ, ಸಂತ್ರಸ್ತರು ವಿಮಾದಾರನ ಮೇಲೆಯೇ ನೇರವಾಗಿ ದಾವೆ ಹೂಡಬಹುದು ಎಂಬುವು ಅದರ ಮುಖ್ಯ ಅಂಶಗಳು. ಅದು ಜಾರಿಗೆ ಬಂದದ್ದು ೨೦೦೮ರ ನವೆಂಬರ್ ೨೧ರಂದು. ಭಾರತ ಅದನ್ನು ಸೇರಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು ೨೦೧೫ರಲ್ಲಿ. ಓಷನ್ ಸೆರಾಯಾ ೨೦೦೬ರಲ್ಲಿಯೇ ಒಡೆದುಹೋಗಿತ್ತು. ಟ್ಯಾಂಕರ್ ಒಪ್ಪಂದಕ್ಕೆ ಅದು ಸೇರದು. ಬಂಕರ್ ಒಪ್ಪಂದ ಇನ್ನೂ ಜಾರಿಗೆ ಬಂದಿರಲಿಲ್ಲ. ಆ ನಡುವಿನ ಬಿರುಕಿಗೆ ಕಾರವಾರದ ದಂಡೆ ಸಿಕ್ಕಿತು.

ಉಳಿದದ್ದು ಹಡಗು ಮಾಲೀಕರ ಸಾಮಾನ್ಯ ಹೊಣೆಮಿತಿಯ ಕಾನೂನು. ೧೯೭೬ರ ಒಪ್ಪಂದವನ್ನು ಭಾರತ ೨೦೦೨ರಲ್ಲಿ ಅಂಗೀಕರಿಸಿತು. ಇದರ ಲೆಕ್ಕಾಚಾರ ಆಸಕ್ತಿಕರವಾದದ್ದು. ಆಸ್ತಿ ಸಂಬಂಧವಾದ ಹಕ್ಕುಗಳಿಗೆ ಮೊದಲ ೫೦೦ ಟನ್ನಿಗೆ ೧,೬೭,೦೦೦ ಎಸ್‌ಡಿಆರ್ ಎಂಬ ಅಂತಾರಾಷ್ಟ್ರೀಯ ಹಣದ ಏಕಮಾನಗಳು; ಅಲ್ಲಿಂದ ಮೂವತ್ತು ಸಾವಿರ ಟನ್ನಿನವರೆಗೆ ಪ್ರತಿ ಟನ್ನಿಗೆ ೧೬೭. ಹತ್ತು ಸಾವಿರ ಟನ್ ಅಳತೆಯ ಒಂದು ಹಡಗನ್ನು ಉದಾಹರಣೆಗೆ ಕಲ್ಪಿಸಿಕೊಂಡರೆ ಮಾಲೀಕನ ಒಟ್ಟು ಹೊಣೆ ೧೭,೫೩,೫೦೦ ಏಕಮಾನ. ೨೦೦೬ರ ವಿನಿಮಯ ದರದಲ್ಲಿ ಸುಮಾರು ಹನ್ನೆರಡು ಕೋಟಿ ರೂಪಾಯಿ. ಈ ಲೆಕ್ಕದಲ್ಲಿ ಹಡಗಿನ ಗಾತ್ರವಿದೆ. ಚೆಲ್ಲಿದ ಎಣ್ಣೆಯ ಪ್ರಮಾಣವಿಲ್ಲ, ಹಾಳಾದ ತೀರದ ಉದ್ದವಿಲ್ಲ, ಬಲೆ ಕಳೆದುಕೊಂಡವರ ಸಂಖ್ಯೆಯಿಲ್ಲ. ಮಾಲೀಕನೇ ಬೇಕೆಂದು ಅಥವಾ ಪರಿಣಾಮ ತಿಳಿದೂ ಉದ್ದಟತನದಿಂದ ಹಾನಿ ಮಾಡಿದನೆಂದು ಸಾಧಿಸಿದರೆ ಮಾತ್ರ ಮಿತಿ ಮುರಿಯುತ್ತದೆ. ದೂರದ ಕಚೇರಿಯಲ್ಲಿ ಕುಳಿತವನ ಮನಸ್ಸಿನಲ್ಲಿ ಏನಿತ್ತೆಂದು ಕಾರವಾರದ ಬೆಸ್ತರು ಸಾಧಿಸುವುದೆಂತು?

ಅಮೆರಿಕದ ವಾಗ್ವಾದ, ಭಾರತದ ಪ್ರತಿಧ್ವನಿ

ಹೊಣೆಮಿತಿ ಎಂಬ ಈ ಒಣ ವಿಷಯ ಬೀದಿಯ ರಾಜಕೀಯವಾದದ್ದು ೨೦೧೦ರಲ್ಲಿ. ಆ ವರ್ಷದ ಏಪ್ರಿಲ್ ೨೦ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ‘ಡೀಪ್‌ವಾಟರ್ ಹೊರೈಜನ್’ ಕೊರೆಯುವ ಕಟ್ಟೆ ಸ್ಫೋಟಗೊಂಡು ಹನ್ನೊಂದು ಮಂದಿ ಸತ್ತರು. ೮೭ ದಿನ ಕಡಲತಳದಿಂದ ಎಣ್ಣೆ ಉಕ್ಕಿತು. ಬಾವಿಯ ಮುಖ್ಯ ಪಾಲುದಾರ ಬಿಪಿ. ಕಟ್ಟೆ ಟ್ರಾನ್ಸ್‌ಓಷನ್ ಕಂಪನಿಯದು. ಬಾವಿಗೆ ಸಿಮೆಂಟು ಹಾಕಿದ್ದು ಹ್ಯಾಲಿಬರ್ಟನ್. ಮೇ ತಿಂಗಳಲ್ಲಿ ಸೆನೆಟ್ ಸಮಿತಿಯ ಮುಂದೆ ಮೂವರೂ ಒಬ್ಬರತ್ತ ಒಬ್ಬರು ಬೆರಳು ತೋರಿಸಿದರು. ಟ್ರಾನ್ಸ್‌ಓಷನ್ ೧೮೫೧ರ ಹಡಗು ಕಾನೂನೊಂದನ್ನು ಹಿಡಿದು ತನ್ನ ಹೊಣೆ ಎರಡೂಮುಕ್ಕಾಲು ಕೋಟಿ ಡಾಲರಿಗಿಂತ ಕಡಿಮೆಯೆಂದು ವಾದಿಸಿತು. ‘ಎಕ್ಸಾನ್ ವಾಲ್ಡೀಜ್’ ದುರಂತದ ನಂತರ ಬಂದ ೧೯೯೦ರ ಅಮೆರಿಕನ್ ಕಾಯಿದೆಯೂ ಇಂಥ ಬಾವಿಗಳ ವಿಷಯದಲ್ಲಿ ನಷ್ಟಭರ್ತಿಗೆ ಏಳೂವರೆ ಕೋಟಿ ಡಾಲರಿನ ಮಿತಿ ಇಟ್ಟಿತ್ತು. ಶುಚಿಗೊಳಿಸುವ ವೆಚ್ಚ ಇದರ ಹೊರಗೆ.

ಅಧ್ಯಕ್ಷ ಒಬಾಮಾ ಜೂನ್ ೧೬ರಂದು ಬಿಪಿಯ ಮುಖ್ಯಸ್ಥರನ್ನು ಕರೆಸಿ ಎರಡು ಸಾವಿರ ಕೋಟಿ ಡಾಲರಿನ ಪರಿಹಾರ ನಿಧಿಗೆ ಒಪ್ಪಿಸಿದರು. ಮರುದಿನವೇ ಟೆಕ್ಸಾಸಿನ ರಿಪಬ್ಲಿಕನ್ ಸದಸ್ಯ ಜೋ ಬಾರ್ಟನ್ ಇದನ್ನು ಸುಲಿಗೆಯೆಂದು ಕರೆದು ಬಿಪಿಯ ಕ್ಷಮೆ ಕೇಳಿದರು. ಪಕ್ಷದ ಒತ್ತಡದಿಂದ ಸಂಜೆಯೊಳಗೆ ಆ ಕ್ಷಮೆಯನ್ನು ಹಿಂತೆಗೆದುಕೊಂಡರು. ಬಾರ್ಟನ್ ಅವರ ಮಾತನ್ನು ಕೇವಲ ಕಂಪನಿ ಪಕ್ಷಪಾತವೆಂದು ತಳ್ಳಿಹಾಕುವುದು ಸುಲಭ. ಅದರೊಳಗೆ ಒಂದು ಗಂಭೀರ ಪ್ರಶ್ನೆಯೂ ಅಡಗಿತ್ತು: ನ್ಯಾಯಾಲಯದ ತೀರ್ಪಿಗೆ ಮೊದಲೇ ಪ್ರಭುತ್ವ ತನ್ನ ಪ್ರಭಾವದಿಂದ ಹಣ ವಸೂಲು ಮಾಡುವುದು ವಿಧಿಬದ್ಧವೇ? ಇದಕ್ಕೆ ಎಕ್ಸಾನ್ ಪ್ರಕರಣವೇ ಉತ್ತರ ಕೊಟ್ಟಿತ್ತು. ೧೯೮೯ರ ಆ ಸೋರಿಕೆಗೆ ೧೯೯೪ರಲ್ಲಿ ಜ್ಯೂರಿ ವಿಧಿಸಿದ ಐನೂರು ಕೋಟಿ ಡಾಲರ್ ದಂಡನಾರ್ಥ ಪರಿಹಾರ, ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯದ ಕೈಯಲ್ಲಿ ಸುಮಾರು ಐವತ್ತು ಕೋಟಿಗೆ ಇಳಿಯಿತು. ಹತ್ತೊಂಬತ್ತು ವರ್ಷ ಕಾಯಬಲ್ಲವರು ಕಂಪನಿಗಳೇ ಹೊರತು ಮೀನುಗಾರರಲ್ಲ. ಬಿಪಿ ತಾನಾಗಿ ಮಿತಿಯ ರಕ್ಷಣೆಯನ್ನು ಬಿಟ್ಟುಕೊಟ್ಟದ್ದು ಧರ್ಮಬುದ್ಧಿಯಿಂದ ಎನ್ನುವುದಕ್ಕಿಂತ, ಅಮೆರಿಕದ ಮಾರುಕಟ್ಟೆಯಲ್ಲಿ ಉಳಿಯಬೇಕಾದ ಅನಿವಾರ್ಯದಿಂದ ಎನ್ನುವುದು ಸರಿ. ಎಂಥ ಸರ್ಕಾರದ ಮುಂದೆ ಕಂಪನಿ ನಿಂತಿದೆ ಎಂಬುದರ ಮೇಲೆ ಹೊಣೆಯ ಗಾತ್ರ ನಿಂತಿರುತ್ತದೆ.

ನಮ್ಮಲ್ಲಿ ಇದು ನೋವಿನ ಹೋಲಿಕೆಗೆ ಕಾರಣವಾಯಿತು. ಅದೇ ೨೦೧೦ರ ಜೂನ್ ೭ರಂದು ಭೋಪಾಲದ ನ್ಯಾಯಾಲಯವು ೧೯೮೪ರ ಅನಿಲ ದುರಂತದ ಆರೋಪಿಗಳಾದ ಭಾರತೀಯ ಅಧಿಕಾರಿಗಳಿಗೆ ಎರಡು ವರ್ಷದ ಸಜೆ ವಿಧಿಸಿತ್ತು. ಸಹಸ್ರಾರು ಜನ ಸತ್ತ ಭೋಪಾಲಕ್ಕೆ ೧೯೮೯ರ ರಾಜಿಯಲ್ಲಿ ಸಿಕ್ಕಿದ್ದು ೪೭ ಕೋಟಿ ಡಾಲರ್. ಎರಡೂ ಸುದ್ದಿಗಳು ಕೆಲವೇ ದಿನಗಳ ಅಂತರದಲ್ಲಿ ಬಂದಾಗ ಭಾರತೀಯರ ಜೀವದ ಬೆಲೆಯ ಪ್ರಶ್ನೆ ಏಳದಿರಲು ಸಾಧ್ಯವಿರಲಿಲ್ಲ. ಕೇಂದ್ರ ಸರ್ಕಾರ ಆ ವರ್ಷದ ಕೊನೆಯಲ್ಲಿ ಹೆಚ್ಚಿನ ಪರಿಹಾರ ಕೋರಿ ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ ೨೦೨೩ರ ಮಾರ್ಚ್‌ನಲ್ಲಿ ತಿರಸ್ಕರಿಸಿತು. ವಿಪರ್ಯಾಸವೆಂದರೆ ತತ್ತ್ವದ ಮಟ್ಟದಲ್ಲಿ ಭಾರತದ ನ್ಯಾಯಶಾಸ್ತ್ರ ಅಮೆರಿಕಕ್ಕಿಂತ ಮುಂದಿತ್ತು. ದೆಹಲಿಯ ಓಲಿಯಂ ಅನಿಲ ಪ್ರಕರಣದಲ್ಲಿ ೧೯೮೬ರ ಡಿಸೆಂಬರಿನಲ್ಲಿಯೇ ಸರ್ವೋಚ್ಚ ನ್ಯಾಯಾಲಯ, ಅಪಾಯಕಾರಿ ಉದ್ದಿಮೆ ನಡೆಸುವವನ ಹೊಣೆಗೆ ಯಾವ ವಿನಾಯಿತಿಯೂ ಇಲ್ಲ, ಪರಿಹಾರದ ಪ್ರಮಾಣ ಕಂಪನಿಯ ಗಾತ್ರಕ್ಕೆ ಅನುಗುಣವಾಗಿರಬೇಕು ಎಂದಿತ್ತು. ಹಡಗಿನ ಕಾನೂನು ಈ ತತ್ತ್ವದಿಂದ ದೂರವಿರುವ ಒಂದು ದ್ವೀಪದಂತೆ ಉಳಿದಿದೆ.

ರಾಜ್ಯಕ್ಕೆ ದಾವೆ ಹೂಡುವ ಅಧಿಕಾರವಿದೆಯೆ?

ನಮ್ಮ ಕರಾವಳಿಯಲ್ಲಿ ವಾಗ್ವಾದ ಮೊದಲು ಮುಟ್ಟುವುದು ಕಂಪನಿಯನ್ನಲ್ಲ, ಸಂವಿಧಾನದ ಏಳನೆಯ ಅನುಸೂಚಿಯನ್ನು. ಹಡಗು ಸಂಚಾರ ಕೇಂದ್ರದ ಪಟ್ಟಿಯಲ್ಲಿದೆ. ನವಮಂಗಳೂರಿನಂಥ ದೊಡ್ಡ ಬಂದರು ಕೇಂದ್ರದ್ದು. ಕಾರವಾರದಂಥ ಬಂದರುಗಳು ಸಮವರ್ತಿ ಪಟ್ಟಿಯವು, ಅವುಗಳ ಆಡಳಿತ ರಾಜ್ಯದ್ದು. ಮೀನುಗಾರಿಕೆ ರಾಜ್ಯ ಪಟ್ಟಿಯಲ್ಲಿದ್ದರೂ ಹನ್ನೆರಡು ನಾಟಿಕಲ್ ಮೈಲಿಗಳಾಚೆಯದು ಮತ್ತೆ ಕೇಂದ್ರಕ್ಕೆ ಸೇರಿದ್ದು. ಕಡಲಿನ ಮೇಲಿನ ಎಣ್ಣೆಯನ್ನು ನಿಭಾಯಿಸುವ ಸಮನ್ವಯದ ಕೆಲಸ ಕೋಸ್ಟ್ ಗಾರ್ಡಿನದು. ಅದೇ ಎಣ್ಣೆ ದಂಡೆಗೆ ತಾಗಿದ ಕ್ಷಣದಿಂದ ಅದು ಜಿಲ್ಲಾಡಳಿತದ ತಲೆನೋವು. ಅಲೆಯೊಂದು ಮರಳನ್ನು ಮುಟ್ಟುವಷ್ಟರಲ್ಲಿ ಇಲಾಖೆ ಬದಲಾಗುತ್ತದೆ. ಕಾರವಾರದಲ್ಲಿ ಸೋರಿದ್ದು ಗೋವೆಗೂ ಹೋಯಿತಾದ್ದರಿಂದ ಎರಡು ರಾಜ್ಯಗಳು, ಕೇಂದ್ರದ ಹಡಗು ನಿರ್ದೇಶನಾಲಯ, ರಕ್ಷಣಾ ಇಲಾಖೆಯಡಿಯ ಕೋಸ್ಟ್ ಗಾರ್ಡ್ ಇಷ್ಟೂ ಒಂದೇ ಘಟನೆಯ ಪಾಲುದಾರರಾದವು.

ಗೋವೆಯ ಕ್ಯಾಂಡೋಲಿಮ್ ತೀರದಲ್ಲಿ ೨೦೦೦ದ ಜೂನ್‌ನಲ್ಲಿ ಸಿಕ್ಕಿಕೊಂಡ ‘ರಿವರ್ ಪ್ರಿನ್ಸೆಸ್’ ಎಂಬ ಅದಿರು ಹಡಗಿನ ಕಥೆ ಈ ಸಂದರ್ಭದಲ್ಲಿ ಉಲ್ಲೇಖನೀಯ. ಅದರ ಮಾಲೀಕರು ಯಾವುದೋ ಅಜ್ಞಾತ ದ್ವೀಪದವರಲ್ಲ, ಗೋವೆಯದೇ ಹೆಸರಾಂತ ಗಣಿ ಉದ್ಯಮ. ಆದರೂ ಗೋವೆಯ ವಿಧಾನಸಭೆ ೨೦೦೧ರಲ್ಲಿ ಪ್ರವಾಸಿ ತಾಣಗಳ ರಕ್ಷಣೆಗೆ ಒಂದು ಕಾಯಿದೆ ತಂದು ಹಡಗನ್ನು ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಸರ್ಕಾರಗಳು ಬದಲಾದವು, ಗುತ್ತಿಗೆದಾರರು ಬದಲಾದರು. ಹಡಗು ಮಾತ್ರ ತುಕ್ಕು ಹಿಡಿಯುತ್ತ ಹನ್ನೆರಡು ವರ್ಷ ಅಲ್ಲಿಯೇ ಇದ್ದು ೨೦೧೨ರಲ್ಲಿ ತೆರವಾಯಿತು. ಧ್ವಜವೊಂದು ವಿದೇಶದ್ದಾಗಿರುವುದೇ ಎಲ್ಲ ಸಮಸ್ಯೆಗೆ ಮೂಲವೆಂಬ ನಮ್ಮ ಸಾಮಾನ್ಯ ನಂಬಿಕೆಯನ್ನು ಈ ಪ್ರಕರಣ ಸ್ವಲ್ಪ ಅಲುಗಿಸುತ್ತದೆ.

೨೦೧೦ರ ಹಸಿರು ನ್ಯಾಯಮಂಡಳಿ ಕಾಯಿದೆಯಿಂದ ಪರಿಸ್ಥಿತಿ ಒಂದು ಮಟ್ಟಿಗೆ ಬದಲಾಯಿತು. ೨೦೧೧ರ ಆಗಸ್ಟ್ ೪ರಂದು ಮುಂಬಯಿಯ ಆಚೆ ಮುಳುಗಿದ ‘ರ್‍ಯಾಕ್’ ಕೂಡ ಓಷನ್ ಸೆರಾಯಾದಂತೆ ಪನಾಮಾ ಧ್ವಜದ ಸರಕು ಹಡಗು. ಅದರಲ್ಲಿದ್ದ ಫರ್ನೇಸ್ ಎಣ್ಣೆ ೨೯೦ ಟನ್, ಅಂದರೆ ಕಾರವಾರದ್ದರ ಅರ್ಧಕ್ಕಿಂತ ಕಡಿಮೆ. ಮುಂಬಯಿಯ ಒಬ್ಬ ನಾಗರಿಕರ ಅರ್ಜಿಯ ಮೇಲೆ ನ್ಯಾಯಮಂಡಳಿ ೨೦೧೬ರ ಆಗಸ್ಟ್‌ನಲ್ಲಿ ಹಡಗಿನ ಕಂಪನಿಗಳಿಗೆ ನೂರು ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಅದರಲ್ಲಿದ್ದ ಕಲ್ಲಿದ್ದಲನ್ನು ತರಿಸಿಕೊಳ್ಳುತ್ತಿದ್ದ ಅದಾನಿ ಕಂಪನಿಯೂ ಐದು ಕೋಟಿ ಕೊಡಬೇಕೆಂದಿತು. ಸರಕಿನ ಒಡೆಯನೂ ಹೊಣೆಯಲ್ಲಿ ಪಾಲುದಾರನೆಂಬ ಈ ನಿಲುವು ಹಡಗಿನ ಕಾನೂನಿನ ಹಳೆಯ ಪಂಡಿತರಿಗೆ ಅಸಮಾಧಾನ ತಂದಿರಬಹುದು. ನನಗೆ ಅದು ಸಹಜವೆನಿಸುತ್ತದೆ. ಹಳೆಯ ಹಡಗನ್ನು ಅಗ್ಗದ ಬಾಡಿಗೆಗೆ ಹಿಡಿಯುವುದು ವ್ಯಾಪಾರಿಯ ಆಯ್ಕೆ. ಅದರ ಲಾಭ ಅವನಿಗಾದರೆ ಅಪಾಯವೂ ಅವನನ್ನು ಮುಟ್ಟಬೇಕಲ್ಲವೆ?

ಇನ್ನೊಂದು ಬದಲಾವಣೆ ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ್ದು. ಹಡಗನ್ನೇ ಪ್ರತಿವಾದಿಯಾಗಿಸಿ ಬಂಧಿಸುವ ನೌಕಾ ನ್ಯಾಯಾಧಿಕಾರ ಬ್ರಿಟಿಷರ ಕಾಲದಿಂದ ಕಲ್ಕತ್ತ, ಮುಂಬಯಿ, ಮದರಾಸು ಉಚ್ಚ ನ್ಯಾಯಾಲಯಗಳದಾಗಿತ್ತು. ಮರ್ಮಗೋವೆಯಿಂದ ಹೊರಟ ‘ಎಲಿಜಬೆತ್’ ಎಂಬ ಹಡಗಿನ ವ್ಯಾಜ್ಯದಲ್ಲಿ ೧೯೯೨ರಲ್ಲಿ ಸರ್ವೋಚ್ಚ ನ್ಯಾಯಾಲಯ, ಈ ಅಧಿಕಾರವನ್ನು ಹಳೆಯ ಇಂಗ್ಲಿಷ್ ಕಾಯಿದೆಗಳಿಗೆ ಕಟ್ಟಿಹಾಕಲಾಗದೆಂದು ಹೇಳಿತು. ೨೦೧೭ರಲ್ಲಿ ಸಂಸತ್ತು ಅಂಗೀಕರಿಸಿ ೨೦೧೮ರ ಏಪ್ರಿಲ್ ೧ರಿಂದ ಜಾರಿಗೆ ಬಂದ ನೌಕಾ ನ್ಯಾಯಾಧಿಕಾರ ಕಾಯಿದೆ ಕರ್ನಾಟಕ ಉಚ್ಚ ನ್ಯಾಯಾಲಯವನ್ನು ಹೆಸರಿಸಿಯೇ ಈ ಅಧಿಕಾರ ಕೊಟ್ಟಿದೆ. ಪರಿಸರಕ್ಕೂ ಕಡಲತೀರಕ್ಕೂ ಹಡಗಿನಿಂದಾದ ಹಾನಿ ಅದರಲ್ಲಿ ಸ್ಪಷ್ಟವಾಗಿ ಸೇರಿದೆ. ಅದೇ ಮಾಲೀಕನ ಬೇರೊಂದು ಹಡಗನ್ನೂ ಹಿಡಿಯಬಹುದು. ಟೋರಿ ಕ್ಯಾನಿಯನ್ ಕಾಲದಲ್ಲಿ ಸಿಂಗಪುರದಲ್ಲಿ ನಡೆದದ್ದು ಇನ್ನು ಪಣಂಬೂರಿನಲ್ಲಿಯೂ ನಡೆಯಬಹುದು.

ಈ ಕಾಯಿದೆಯ ಶಕ್ತಿ ಕಂಡುಬಂದದ್ದು ಕೇರಳದಲ್ಲಿ. ೨೦೨೫ರ ಮೇ ೨೫ರಂದು ಕೊಚ್ಚಿಯ ಆಚೆ ಮುಳುಗಿದ ‘ಎಂಎಸ್‌ಸಿ ಎಲ್ಸಾ ೩’ರಲ್ಲಿ ೬೪೦ ಕಂಟೇನರುಗಳೂ ಸುಮಾರು ೩೬೭ ಟನ್ ಫರ್ನೇಸ್ ಎಣ್ಣೆಯೂ ಇದ್ದವು. ಕಂಪನಿಯ ಹಡಗುಗಳು ವಿಳಿಂಜಂ ಬಂದರಿಗೆ ಮುಖ್ಯ ಆಧಾರ. ಕ್ರಿಮಿನಲ್ ಮೊಕದ್ದಮೆಗಿಂತ ವಿಮೆಯ ಪರಿಹಾರಕ್ಕೆ ಆದ್ಯತೆ ಎಂಬ ಆಲೋಚನೆ ಮೊದಲು ಸರ್ಕಾರದೊಳಗೆ ನಡೆದಿದ್ದು ಹೊರಬಂದಾಗ ಬಿರುಸಿನ ಟೀಕೆ ಎದ್ದಿತು. ಜೂನ್‌ನಲ್ಲಿ ಪೊಲೀಸ್ ಮೊಕದ್ದಮೆ ದಾಖಲಾಯಿತು. ಮುಂದೆ ಕೇರಳ ಸರ್ಕಾರ ೯,೫೩೧ ಕೋಟಿ ರೂಪಾಯಿ ಕೇಳಿ ನೌಕಾ ದಾವೆ ಹೂಡಿತು; ಅದೇ ಗುಂಪಿನ ‘ಎಂಎಸ್‌ಸಿ ಅಕಿಟೆಟಾ ೨’ ವಿಳಿಂಜಂನಲ್ಲಿ ಬಂಧನಕ್ಕೊಳಗಾಯಿತು. ಹಡಗು ಮುಳುಗಿದ್ದು ಹನ್ನೆರಡು ಮೈಲಿಗಳಾಚೆ, ಆದುದರಿಂದ ರಾಜ್ಯಕ್ಕೆ ಕೇಳುವ ಹಕ್ಕಿಲ್ಲವೆಂದು ಕಂಪನಿ ವಾದಿಸಿತು. ನ್ಯಾಯಾಲಯ ಸೆಪ್ಟೆಂಬರಿನಲ್ಲಿ ೧,೨೨೭ ಕೋಟಿಗೆ ಮಿಕ್ಕ ಭದ್ರತೆಯನ್ನು ನಿಗದಿಪಡಿಸಿತು. ಕೇಳ್ವಿಗೂ ಭದ್ರತೆಗೂ ಇರುವ ಅಂತರ ದೊಡ್ಡದೇ. ಆದರೆ ಹನ್ನೆರಡು ಕೋಟಿಯ ಲೆಕ್ಕದಿಂದ ನಾವು ಎಷ್ಟು ದೂರ ಬಂದಿದ್ದೇವೆಂಬುದನ್ನೂ ಅದು ತೋರಿಸುತ್ತದೆ. ಬಂದರಿನ ವರಮಾನವೂ ತೀರದ ಹಾನಿಯೂ ಒಂದೇ ಕಂಪನಿಯಿಂದ ಬರುವಾಗ ಸರ್ಕಾರದ ನಾಲಗೆ ತಡವರಿಸುವುದು ಕೇರಳಕ್ಕೆ ಮಾತ್ರ ಸೀಮಿತವಾದ ದೌರ್ಬಲ್ಯವಲ್ಲ. ಪಕ್ಷಭೇದವಿಲ್ಲದೆ ನಮ್ಮ ಕರಾವಳಿಯಲ್ಲಿಯೂ ಇದನ್ನು ಊಹಿಸಬಹುದು.

ನಷ್ಟದ ದಾಖಲೆ

ಕಾನೂನಿನ ಬಾಗಿಲು ತೆರೆದರೂ ಒಳಗೆ ಹೋಗಲು ಕಾಗದ ಬೇಕು. ಮೇ ಕೊನೆಯಲ್ಲಿ ಯಾಂತ್ರಿಕ ದೋಣಿಗಳು ದಡ ಸೇರುವ ಹೊತ್ತು. ಆ ಸಮಯದಲ್ಲಿ ಎಣ್ಣೆ ಬಂದರೆ ‘ಹೇಗೂ ನೀವು ಮೀನಿಗೆ ಹೋಗುತ್ತಿರಲಿಲ್ಲವಲ್ಲ’ ಎಂದು ಪ್ರತಿವಾದಿಯ ವಕೀಲ ಕೇಳಬಹುದು. ಆದರೆ ಮಳೆಗಾಲದಲ್ಲಿ ನಾಡದೋಣಿಯವರು ತೀರಕ್ಕೆ ಹತ್ತಿರದಲ್ಲಿ, ನದಿಯ ಬಾಯಲ್ಲಿ ಬಲೆ ಬೀಸುತ್ತಾರೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಬಳಚು ಆಯುತ್ತಾರೆ, ಬಂಡೆಗಳಿಂದ ನೀಲಿಕಲ್ಲು ಬಿಡಿಸುತ್ತಾರೆ. ಫರ್ನೇಸ್ ಎಣ್ಣೆ ಮೊದಲು ಅಂಟುವುದು ಇವರ ಹೊಲಕ್ಕೆ. ಆಯ್ದ ಬಳಚಿಗೆ ರಸೀದಿಯಿಲ್ಲ. ಸಂತೆಯಲ್ಲಿ ಮಾರಿ, ಉಳಿದದ್ದನ್ನು ಮನೆಯ ಸಾರಿಗೆ ಹಾಕಿದ ದುಡಿಮೆ ಯಾವ ಇಲಾಖೆಯ ಅಂಕಿಅಂಶದಲ್ಲಿಯೂ ಪೂರ್ಣವಾಗಿ ಬರುವುದಿಲ್ಲ. ಅಂತಾರಾಷ್ಟ್ರೀಯ ನಿಧಿಯ ಪದ್ಧತಿಯಲ್ಲಿ ಕೂಡ ಹಿಂದಿನ ವರ್ಷಗಳ ಆದಾಯದ ಪುರಾವೆ ಮುಖ್ಯ. ಹೀಗೆ ಹೆಚ್ಚು ದಾಖಲೆಯಿರುವ ಟ್ರಾಲರಿನ ಮಾಲೀಕ ಕಡಿಮೆ ಕಳೆದುಕೊಂಡು ಹೆಚ್ಚು ಕೇಳಬಲ್ಲ; ದಾಖಲೆಯಿಲ್ಲದ ಹೆಂಗಸು ಇಡೀ ಹಂಗಾಮು ಕಳೆದುಕೊಂಡು ಏನನ್ನೂ ಕೇಳಲಾರಳು.

ಎಣ್ಣೆಯ ಗುರುತಿನ ಪ್ರಶ್ನೆಯೂ ಹೀಗೆಯೇ. ಪ್ರತಿ ಮುಂಗಾರಿನಲ್ಲಿ ಗೋವೆ ಮತ್ತು ಕರ್ನಾಟಕದ ತೀರಗಳಿಗೆ ಕಪ್ಪು ಡಾಂಬರಿನ ಉಂಡೆಗಳು ಬಂದು ಬೀಳುವುದುಂಟು. ದೂರದಲ್ಲಿ ಸಾಗುವ ಟ್ಯಾಂಕರುಗಳು ತೊಟ್ಟಿ ತೊಳೆದು ಬಿಟ್ಟ ಎಣ್ಣೆ, ಕಡಲಿನ ತೈಲಬಾವಿಗಳ ಎಣ್ಣೆ ಇವುಗಳ ಮೂಲವೆಂದು ಗೋವೆಯ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ರಾಸಾಯನಿಕ ಪರೀಕ್ಷೆಯಿಂದ ತೋರಿಸಿದ್ದಾರೆ. ಒಂದೊಂದು ಎಣ್ಣೆಗೂ ಬೆರಳಚ್ಚಿನಂಥ ರಾಸಾಯನಿಕ ಗುರುತಿರುತ್ತದೆ. ಆದರೆ ಮೊದಲ ದಿನಗಳಲ್ಲಿಯೇ ಹಡಗಿನ ತೊಟ್ಟಿಯಿಂದಲೂ ದಂಡೆಯಿಂದಲೂ ಮಾದರಿಗಳನ್ನು ತೆಗೆದು ಮೊಹರು ಮಾಡಿ ಇಡದಿದ್ದರೆ, ನಮ್ಮ ದಂಡೆಯ ಮೇಲಿನ ಉಂಡೆ ತನ್ನದಲ್ಲವೆನ್ನಲು ಯಾವ ಕಂಪನಿಗೂ ಕಷ್ಟವಾಗದು.

೨೦೨೨ರ ಜೂನ್‌ನಲ್ಲಿ ಉಳ್ಳಾಲದ ಬಟ್ಟಪ್ಪಾಡಿಯ ಆಚೆ ಉಕ್ಕಿನ ಸುರುಳಿ ಹೊತ್ತ ‘ಪ್ರಿನ್ಸೆಸ್ ಮಿರಾಲ್’ ಮುಳುಗಿತು. ಹದಿನೈದು ಮಂದಿ ಸಿರಿಯಾದ ನಾವಿಕರನ್ನು ಕೋಸ್ಟ್ ಗಾರ್ಡ್ ಕಾಪಾಡಿತು. ತೊಟ್ಟಿಯಲ್ಲಿದ್ದ ಎಣ್ಣೆಯ ಭಯದಲ್ಲಿ ತೀರದವರು ಆ ಮಳೆಗಾಲವನ್ನು ಕಳೆದರು. ಅದೂ ಮುಂಗಾರಿನ ಆರಂಭ, ಅದೂ ಟ್ಯಾಂಕರಲ್ಲದ ಹಡಗು. ಇದೇ ಮಂಗಳೂರಿನ ಕಡಲಿನಲ್ಲಿ ೨೦೧೩ರಿಂದ ತೇಲುವ ಲಂಗರುತಾಣವೊಂದರ ಮೂಲಕ ಬೃಹತ್ ಟ್ಯಾಂಕರುಗಳ ಕಚ್ಚಾ ತೈಲವನ್ನು ಇಳಿಸಲಾಗುತ್ತಿದೆ. ಮಂಗಳೂರು ಮತ್ತು ಪಾದೂರಿನ ನೆಲದಡಿಯ ಗುಹೆಗಳಲ್ಲಿ ಒಟ್ಟು ನಾಲ್ವತ್ತು ಲಕ್ಷ ಟನ್ ತೈಲ ಕೂಡಿಡುವ ಏರ್ಪಾಡಿದೆ. ಅಲ್ಲಿ ಅವಘಡವಾದರೆ ಟ್ಯಾಂಕರ್ ಒಪ್ಪಂದ, ನಿಧಿ, ವಿಮೆ ಎಲ್ಲವೂ ಒದಗುತ್ತವೆ. ೧೯೫೮ರ ಹಡಗು ಕಾಯಿದೆಯ ಸ್ಥಾನದಲ್ಲಿ ಸಂಸತ್ತು ೨೦೨೫ರಲ್ಲಿ ಹೊಸ ಕಾಯಿದೆಯೊಂದನ್ನೂ ಅಂಗೀಕರಿಸಿದೆ. ಆದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳ ಬಾಯಲ್ಲಿ ಯಾವ ತಿಂಗಳು ಎಷ್ಟು ಬಳಚು ಸಿಗುತ್ತದೆ, ಎಷ್ಟು ಮನೆಗಳು ಅದರಿಂದ ನಡೆಯುತ್ತವೆ ಎಂಬ ಲೆಕ್ಕ ಸೋರಿಕೆಯಾದ ಮೇಲೆ ಬರೆಯತೊಡಗಿದರೆ ನ್ಯಾಯಾಲಯ ಅದನ್ನು ನಂಬುವುದಿಲ್ಲ. ಆ ಲೆಕ್ಕವನ್ನು ಈಗಲೇ, ಕಡಲು ಶುಭ್ರವಾಗಿರುವಾಗ, ಪಂಚಾಯತಿಗಳೂ ಕರಾವಳಿಯ ಕಾಲೇಜುಗಳೂ ಸೇರಿ ಹಂಗಾಮಿನಿಂದ ಹಂಗಾಮಿಗೆ ಬರೆದಿಡಬೇಕಾಗಿದೆ.